ಹಳೇ ಸ್ಕೂಲಿನ ಬಾಗಿಲ ಮೇಲೊಂದು ಹೆಸರು

ಹಸಿ ಸುಣ್ಣದ ವಾಸನೆಗೆ ನನಗೆ ಸೀನು ಬರುತ್ತದೆ. ಇವತ್ತು ಸಿಟ್ಟೂ ಬಂತು. ನಮ್ಮೂರ ಹಳೇ ಸ್ಕೂಲಿಗೆ ಸುಣ್ಣ ಬಳಿಯುತ್ತಿದ್ದೇವೆ. ನಾನು ಏಣಿಯ ಮೇಲೆ. ಕೆಳಗೆ ನಿಂತ ಪಟೇಲರು, "ಬಾಗ್ಲ ಮ್ಯಾಲೆ ನನ್ನೆಸ್ರು ದಪ್ಪಕ್ ಬರೀಲಾ. ಇದ್ನ ಉಳ್ಸಿದ್ದು ಯಾರು ಅಂತ ಜನುಕ್ಕೆ ತಿಳೀಲಿ" ಅಂದರು.

ಉಳಿಸಿದರಂತೆ! ಆ ಚೆಂದವನ್ನು ನೀವೂ ಕೇಳಿ.

ರಸ್ತೆ ಪಕ್ಕ ಹೊಸ ಸ್ಕೂಲು ಎದ್ದಮೇಲೆ ಈ ನಾಡಹೆಂಚಿನ ಕಟ್ಟಡ ಊರಿನ ಪಾಲಿಗೆ ಉಳಿದಿತ್ತು. ಕಟ್ಟುವಾಗ ಮಣ್ಣು ತುಳಿದವರೂ ತೊಲೆ ಹೊತ್ತವರೂ ಊರವರೇ. ಮದುವೆಗೆ ಬಂದ ಬೀಗರು ಇಳಿಯುವ ಬಿಡದಿ ಇದೇ; ಸಂಜೆ ಪೇಪರು ಓದುವ ಜಾಗವೂ ಇದೇ. ಓದುತ್ತಿದ್ದವನು ನಾನು, ಯುದ್ಧದ ಸುದ್ದಿಗೆ ನನ್ನವೂ ನಾಲ್ಕು ವಿಮಾನ ಸೇರಿಸಿ. ಒಂದು ಸುಗ್ಗಿಯಲ್ಲಿ ಪಟೇಲರು ತಮ್ಮ ಆಲೆಮನೆಯ ಬೆಲ್ಲವನ್ನೆಲ್ಲ ಒಳಗೆ ಪೇರಿಸಿ, ತಮ್ಮದೇ ಮನೆ ಎಂಬಂತೆ ಬೀಗ ಜಡಿದರು. ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತು.

ಆಗಲೇ ಎದುರುಮನೆ ಚೆನ್ನಮ್ಮ ದೊಡ್ಡವ್ವನ ಮಗಳ ಮದುವೆ. ಗಂಡ ಇಲ್ಲದವಳು, ಒಂದಂಕಣದ ಮನೆ. ಬಿಡದಿ ಸಿಗದಿದ್ದರೆ ಬಂಡೂರಿನ ಗಂಡಿನ ದಿಬ್ಬಣ ಬಂದ ದಾರಿಯಲ್ಲೇ ತಿರುಗೀತು.

ನನ್ನ ರಕ್ತ ಕುದಿಯಿತು. ಮೈಸೂರು ಅರಮನೆಯೇ ನಡುಗುವಂಥ ಭಾಷಣ ಬಾಯಿಪಾಠ ಮಾಡಿಕೊಂಡು ಪಟೇಲರ ಜಗಲಿ ಹತ್ತಿದೆ. "ಏನ್ಲಾ?" ಅಂದರು. "ಮಜ್ಗೆ ಐತಾ ಗೌಡ್ರೇ?" ಅಂದೆ. ಕುಡಿದು, ಚೆಂಬು ತೊಳೆದಿಟ್ಟು ಬಂದೆ.

ದೊಡ್ಡವ್ವ ನನ್ನನ್ನು ನೆಚ್ಚಿ ಕೂರಲಿಲ್ಲ. ದಿಬ್ಬಣದ ಗಾಡಿಗಳನ್ನು ನೇರ ಸ್ಕೂಲಿನ ಮುಂದಕ್ಕೇ ಹೊಡೆಸಿ, ಪಟೇಲರನ್ನೂ ಕರೆಸಿದಳು. ನಮ್ಮ ಕಡೆ ಬೀಗರು ಯಾರ ಮನೆಯಲ್ಲಿ ಇಳಿಯುತ್ತಾರೋ ಆ ಮನೆಯ ಯಜಮಾನನೇ ಕಾಲಿಗೆ ನೀರು ಕೊಟ್ಟು ಮೊದಲ ಊಟ ಹಾಕಬೇಕು. ಅವಳು ನೀರಿನ ತಂಬಿಗೆಯನ್ನು ಪಟೇಲರ ಮುಂದೆ ಹಿಡಿದಳು.

"ಈ ಮನೆ ನಿಮ್ದು ಅಂತೀರಲ್ಲ, ತಕಳಿ, ಬೀಗ್ರ ಕಾಲ್ಗೆ ನೀರ್ ಕೊಡಿ. ಅಷ್ಟೂ ಗಾಡಿ ಜನುಕ್ಕೆ ಪಾಯ್ಸದೂಟನೂ ನಿಮ್ದೇಯ. ಊರೋರ್ದು ಅನ್ನಂಗಿದ್ರೆ ಬೀಗ ತೆಗ್ದುಬುಡಿ, ಊಟ ನಾನಾಕ್ತೀನಿ."

ಗಂಡಿನ ಸೋದರಮಾವ ಪಂಚೆ ಎತ್ತಿ ಕಾಲು ಚಾಚಿದ. "ಬೇಗ ಆಗ್ಲಿ ಗೌಡ್ರೇ, ಒಟ್ಟೆ ಅಸ್ದೈತೆ."

ಪಟೇಲರು ಗಾಡಿಗಳ ಸಾಲು ನೋಡಿದರು. "ಊರೋರ್ದೇ ಕಣಮ್ಮ, ನಾನೆಲ್ಲಿ ಅಲ್ಲ ಅಂದೆ?" ಅಂತ ಬೀಗ ತೆಗೆದರು. ಬೆಲ್ಲ ಹೊರಗೆ ಹೊತ್ತವರಲ್ಲಿ ನಾನೂ ಒಬ್ಬ. ಹೊತ್ತದ್ದಕ್ಕಿಂತ ತಿಂದದ್ದೇ ಹೆಚ್ಚು.

ಇಂಥವರ ಹೆಸರು, ಅದೂ ದಪ್ಪಗೆ!

"ಏನ್ಲಾ ಯೋಚ್ನೆ? ಬರೀಲಾ" ಅಂದರು ಕೆಳಗಿನಿಂದ. ನಾನು ಕುಂಚವನ್ನು ಸುಣ್ಣಕ್ಕೆ ಅದ್ದಿದೆ.

"ಬರ್ಯಕ್ಕಿಲ್ಲ ಗೌಡ್ರೇ" ಅಂದೆ.

ಅವರು ಬೆರಳು ತೋರಿಸಿದ್ದ ಜಾಗಕ್ಕೆ ಇನ್ನೊಂದು ಕೈ ಸುಣ್ಣ ಬಳಿದೆ.