ಗಡಿಯಾರ ಕಟ್ಟಿದ ಹಂಡೆ

ಆಗೆಲ್ಲ ಕುವೈತಿನಲ್ಲಿ ಬೇಸಿಗೆ ಬಂತೆಂದರೆ ಬಚ್ಚಲಿನ ನಲ್ಲಿಗಳು ತಮ್ಮ ಕೆಲಸ ಅದಲುಬದಲು ಮಾಡಿಕೊಳ್ಳುತ್ತಿದ್ದವು. ತಾರಸಿಯ ಟ್ಯಾಂಕಿಯಲ್ಲಿ ಕಾದ ನೀರು ತಣ್ಣೀರಿನ ನಲ್ಲಿಯಿಂದ ಕೈ ಸುಡುವ ಹಾಗೆ ಬರುತ್ತಿತ್ತು. ಸ್ವಿಚ್ ಆರಿಸಿದ ಗೀಸರಿನ ಹೊಟ್ಟೆಯಲ್ಲಿ ನಿಂತ ನೀರು ಮಾತ್ರ ಒಂದಿಷ್ಟು ತಂಪು. ಬಿಸಿನೀರಿಗೆ ನೀಲಿ ನಲ್ಲಿ, ತಣ್ಣೀರಿಗೆ ಕೆಂಪು. ಅಲ್ಲಿ ಬೆಳೆದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ತೊಂಬತ್ತನೇ ಇಸವಿಯ ಜುಲೈಯಲ್ಲಿ ನಮ್ಮ ಫರ್ವಾನಿಯಾದ ಫ್ಲ್ಯಾಟಿನಲ್ಲಿ ಆ ತಂಪೂ ಹೋಯಿತು. ಪಪ್ಪ ಗೀಸರ್ ಬಿಚ್ಚಿ ಅದರ ಕಾಯಿಲನ್ನು ಹೊರಗೆಳೆದಿದ್ದರು.

"ಬೇಸಿಗೆಯಲ್ಲಿ ಗೀಸರಿಗೆ ಎಂತ ಕೆಲಸ? ಸುಮ್ಮನೆ ಗೋಡೆಗೆ ನೇತಾಡಿಕೊಂಡು ಉಂಟು," ಎಂದರು ಪಪ್ಪ.

"ನೀವು ಶುಕ್ರವಾರ ಸೋಫಾದಲ್ಲಿ ಉಂಟಲ್ಲ, ಹಾಗೆ," ಎಂದಳು ಮಮ್ಮಿ.

ಪಪ್ಪ ಶರ್ಕಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೋಡಿಸುವುದು ಅವರ ಚಟ. ಜೊತೆಗೆ ಕೆಳಗಿನ ಮನೆಯ ಸದಾನಂದ ಅಂಕಲ್ ಇದ್ದರು, ಸಬ್ಹಾನಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್, ಬಾಯಿ ತೆರೆದರೆ ಬಡಾಯಿ. ನಮ್ಮ ಮನೆಮಾತು ಕೊಂಕಣಿ, ಅವರದು ತುಳು. ಇಬ್ಬರೂ ಸೇರಿದರೆ ಕನ್ನಡ. ಮನೆಯಲ್ಲಿ ಕನ್ನಡ ಕೇಳಿಸಿತೆಂದರೆ ಏನೋ ಒಂದು ಹಾಳಾಗಲಿದೆ ಎಂದೇ ಅರ್ಥ.

ಈ ಸಲದ ಕಾರಣ ನಾನು. ಸೆಪ್ಟೆಂಬರಿನಲ್ಲಿ ನನ್ನ ಮೊದಲ ಪರಮಪ್ರಸಾದ, ಚರ್ಚಿನಲ್ಲಿ ಮಕ್ಕಳು ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ಹಬ್ಬ. ಔತಣದಲ್ಲಿ ಗ್ಲಾಸು ಎತ್ತಿ ಟೋಸ್ಟ್ ಹೇಳಬೇಕು. "ಕಿತ್ತಳೆ ಜ್ಯೂಸಲ್ಲಿ ಟೋಸ್ಟ್ ಹೇಳಿದ್ರೆ ಊರಲ್ಲಿ ಮರ್ಯಾದೆ ಉಳೀತದಾ?" ಎಂದು ಪಪ್ಪ ಬೀರು ಮಾಡಲು ಹೊರಟಿದ್ದರು. ಮದ್ಯ ನಿಷೇಧವಿದ್ದ ದೇಶ. ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡೀಪಾರು. ನಮಗೆ ಮಕ್ಕಳಿಗೂ ಗೊತ್ತಿತ್ತು.

ಸದಾನಂದ ಅಂಕಲ್ ಸಬ್ಹಾನಿನಿಂದ ಉಪ್ಪಿನಕಾಯಿಯ ನೀಲಿ ಡ್ರಮ್ಮು ತಂದರು. ಎಷ್ಟು ತೊಳೆದರೂ ಅದರ ವಿನೆಗರ್ ವಾಸನೆ ಹೋಗಲಿಲ್ಲ. ಕೆಳಗೆ ತೂತು ಕೊರೆದು ಗೀಸರಿನ ಕಾಯಿಲು ಕೂರಿಸಿ, ರಬ್ಬರಿನ ಬಳೆ ಹಾಕಿ, ವಯರು ಎಳೆದರು. ಕುದಿಯುವ ಹೊತ್ತಿಗೆ ತಮಗೆ ನಿದ್ದೆ ಹತ್ತುತ್ತದೆಂದು ಪಪ್ಪ ಡ್ರಮ್ಮಿನ ಹೊಟ್ಟೆಗೆ ಒಂದು ಅಲಾರಾಂ ಗಡಿಯಾರವನ್ನೂ ತಂತಿಯಿಂದ ಬಿಗಿದರು. ಅದಕ್ಕೆ ಅವರಿಟ್ಟ ಹೆಸರು 'ಹಂಡೆ'.

ಬಾರ್ಲಿಯನ್ನು ಮಮ್ಮಿ ಹೆಸರುಕಾಳು ಮೊಳಕೆ ಕಟ್ಟುವ ಹಾಗೆಯೇ ಒದ್ದೆ ಬಟ್ಟೆಯಲ್ಲಿ ಕಟ್ಟಿದ್ದಾಯಿತು, ತಾರಸಿಯಲ್ಲಿ ಹಪ್ಪಳದಂತೆ ಒಣಗಿಸಿ ಮಿಕ್ಸಿಯಲ್ಲಿ ಒಡೆದದ್ದಾಯಿತು. ಬೀರಿಗೆ ಕಹಿ ಬೇಕು. ಅದಕ್ಕೆ ಅಜ್ಜಿ ಊರಿಂದ ಕಳಿಸಿದ್ದ ಕಿರಾತಕಡ್ಡಿ ಇತ್ತು, ನಮ್ಮ ಹೊಟ್ಟೆಹುಳಕ್ಕೆ ಕುದಿಸಿ ಕುಡಿಸುವ ಔಷಧಿ. ಇಡೀ ಕಟ್ಟು ಹಂಡೆಗೆ ಬಿದ್ದಾಗ ನಾನೂ ಅಕ್ಕ ಐರಿನ್ನೂ ಕುಣಿದೆವು.

ಕುದಿಯತೊಡಗಿದರೆ ಸುಟ್ಟ ಬೆಲ್ಲದಂಥ ವಾಸನೆ ಮೆಟ್ಟಿಲಿಗೆಲ್ಲ ಹರಡುತ್ತಿತ್ತು. ಅದನ್ನು ಮುಚ್ಚಲು ಮಮ್ಮಿ ಒಣಮೀನು ಹುರಿಯುತ್ತಿದ್ದಳು. ಕಟ್ಟಡದ ಕಾವಲುಗಾರ ಮೂಗು ಹಿಡಿದುಕೊಂಡು ಬಂದು, "ಸಮಕ್, ಸಮಕ್! ದಿನಾ ಮೀನಾ?" ಎಂದು ತನ್ನ ಅರಬ್ಬಿಯಲ್ಲಿ ಬೈದು ಹೋದ. ಮೀನಿನ ಬೈಗುಳ ಕೇಳಿ ಪಪ್ಪನ ಮುಖ ಅರಳಿತ್ತು.

ಮೊದಲ ಬೀರು ತಯಾರಾದಾಗ ಸದಾನಂದ ಅಂಕಲ್ ಗ್ಲಾಸು ಎತ್ತಿ ಹಿಡಿದರು. "ನೊರೆ ನೋಡಿ ಮಾರಾಯ್ರೆ, ನೊರೆ!"

"ನೊರೆ ಸಾಬೂನಿಗೂ ಬರ್ತದೆ," ಎಂದಳು ಮಮ್ಮಿ.

ಒಂದು ಗುಟುಕು ಕುಡಿದು ಇಬ್ಬರೂ ಗ್ಲಾಸು ಕೆಳಗಿಟ್ಟರು. "ಹೊಟ್ಟೆಹುಳ ಅಂತೂ ಸಾಯ್ತದೆ," ಎಂದರು ಅಂಕಲ್ ಕೊನೆಗೆ.

ಮಮ್ಮಿಗೆ ಸಿಟ್ಟು ಬಂದದ್ದು ಹಂಡೆಯನ್ನು ಅಡಗಿಸಿದ ಜಾಗಕ್ಕೆ. ಪಪ್ಪ ಅದನ್ನು ಹಾಲಿನ ಮೂಲೆಯಲ್ಲಿಟ್ಟು, ಮೇಲೆ ಹಲಗೆ ಹಾಕಿ, ಮಮ್ಮಿಯೇ ಕಸೂತಿ ಮಾಡಿದ ಬಿಳಿ ಬಟ್ಟೆ ಹೊದಿಸಿ, ಅದರ ಮೇಲೆ ಮರಿಯಮ್ಮನವರ ಪ್ರತಿಮೆಯನ್ನೂ ಮೇಣದಬತ್ತಿಗಳನ್ನೂ ಇಟ್ಟುಬಿಟ್ಟಿದ್ದರು. ಎಂಥ ಪೊಲೀಸನೂ ದೇವರ ಪೀಠ ಮುಟ್ಟುವುದಿಲ್ಲ ಎಂಬುದು ಅವರ ಲೆಕ್ಕ. ಆ ಬೇಸಿಗೆಯಿಡೀ ನಾವು ಜಪಸರ ಹಿಡಿದು ಬೀರು ಹಂಡೆಯ ಮುಂದೆ ಮೊಣಕಾಲೂರಿದೆವು.

ಆಗಸ್ಟಿನ ಮೊದಲಲ್ಲಿ ಇರಾಕಿನ ಸೈನ್ಯ ಬಂತು. ಕಚೇರಿ, ಶಾಲೆ, ಔತಣ ಎಲ್ಲ ನಿಂತಿತು. ಜೋರ್ಡಾನಿನ ಅಮ್ಮಾನಿಗೆ ಹೋಗುವ ಬಸ್ಸಿಗಾಗಿ ಕಾಯುತ್ತಾ ಕುಳಿತೆವು. ಖಾಲಿ ಹಂಡೆಯನ್ನು ಎಲ್ಲರೂ ಮರೆತಿದ್ದರು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಹಿಂಜರಿಕೆ. ವಿಶ್ವವಿದ್ಯಾಲಯದಲ್ಲಿ ಓದುವಾಗ, ನೆನಪು ತನಗೆ ಬೇಕಾದ್ದನ್ನು ಸೇರಿಸಿಕೊಳ್ಳುತ್ತದೆ ಎಂದು ಕಲಿತ ದಿನದಿಂದ ಈ ಪ್ರಸಂಗವನ್ನು ನಾನು ಪೂರ್ತಿ ನಂಬಿಲ್ಲ. ಮಮ್ಮಿಯನ್ನೂ ಐರಿನಳನ್ನೂ ಬೇರೆಬೇರೆಯಾಗಿ ಕೇಳಿ ತಾಳೆ ನೋಡಿದ್ದೇನೆ. ಕೆಲವು ಕಡೆ ತಾಳೆಯಾಗುವುದಿಲ್ಲ.

ಬೆಳಿಗ್ಗೆ. ಸದಾನಂದ ಅಂಕಲ್ ನಮ್ಮಲ್ಲಿ ಚಹಾ ಕುಡಿಯುತ್ತಿದ್ದರು. ಮನೆಮನೆ ಶೋಧಿಸುತ್ತಿದ್ದ ಸೈನಿಕರು ಬಂದರು, ಮೀಸೆಯ ಒಬ್ಬ ಅಧಿಕಾರಿ ಮತ್ತು ಬಂದೂಕು ಹಿಡಿದ ಇಬ್ಬರು ಎಳೆಯ ಹುಡುಗರು. "ಹಿಂದೀ?" ಎಂದು ನಕ್ಕರು. ಭಾರತೀಯರೆಂದು ತಿಳಿದು ಹೊರಟೇ ಹೋಗುವವರಿದ್ದರು. ಅಧಿಕಾರಿ ಪ್ರತಿಮೆ ನೋಡಿ "ಮರಿಯಮ್" ಎಂದು ಗೌರವದಿಂದ ತಲೆಬಾಗಿಸಿದ. ತಲೆ ಬಾಗಿಸಿದ್ದರಿಂದಲೇ ಬಟ್ಟೆಯ ಕೆಳಗಿನಿಂದ ಹೊರಬಿದ್ದಿದ್ದ ವಯರು ಅವನ ಕಣ್ಣಿಗೆ ಬಿತ್ತು.

ಅವನು ಪ್ರತಿಮೆಯನ್ನು ಎರಡೂ ಕೈಯಲ್ಲಿ ಎತ್ತಿ, ಮಗುವನ್ನು ಮಲಗಿಸುವ ಹಾಗೆ ಸೋಫಾದ ಮೇಲಿಟ್ಟ. ಬಟ್ಟೆ ಎಳೆದ.

ಡ್ರಮ್ಮು. ವಯರು. ಗಡಿಯಾರ.

"ಕುನ್ಬುಲಾ!" ಎಂದು ಹುಡುಗನೊಬ್ಬ ಕಿರುಚಿದ. ಆ ಪದ ನನಗೆ ಗೊತ್ತಿರಲಿಲ್ಲ. ಆದರೆ ಪಪ್ಪನನ್ನೂ ಅಂಕಲರನ್ನೂ ಗೋಡೆಗೆ ಒತ್ತಿ ನಿಲ್ಲಿಸಿದಾಗ ಬಾಂಬು ಎಂದು ಅರ್ಥವಾಯಿತು. ಪಪ್ಪನ ಕುತ್ತಿಗೆಗೆ ಬಂದೂಕಿನ ನಳಿಗೆ ತಾಗಿತ್ತು. ನನ್ನ ಪಪ್ಪ, ಬಿಳಿ ಬನಿಯನು, ಪಟ್ಟಾಪಟ್ಟಿ ಪೈಜಾಮ.

"ಮಾಯ್ ಹಾರ್... ಬಿಸಿನೀರು, ಸ್ನಾನಕ್ಕೆ," ಎಂದು ಪಪ್ಪ ಹರುಕು ಅರಬ್ಬಿಯಲ್ಲಿ ತೊದಲಿದರು.

ಸ್ನಾನದ ನೀರಿಗೆ ಗಡಿಯಾರವೇಕೆ? ಮರಿಯಮ್ಮನ ಕೆಳಗೇಕೆ? ಅಧಿಕಾರಿ ಗಡಿಯಾರಕ್ಕೂ ಸೋಫಾಕ್ಕೂ ಬೆರಳು ತೋರಿಸಿ ಕೇಳಿದ.

"ಸತ್ಯ ಹೇಳಿ ಮಾರಾಯ್ರೆ," ಎಂದು ಅಂಕಲ್ ಗೋಡೆಗೆ ಮುಖವಿಟ್ಟುಕೊಂಡೇ ಪಿಸುಗುಟ್ಟಿದರು.

"ಹೇಳಿದ್ರೆ ಜೈಲು!"

"ಇಲ್ಲದಿದ್ರೆ ಇದೇ ಗೋಡೆ!"

ಆಗ ಮಾತಾಡಿದ್ದು ಮಮ್ಮಿ. ಆ ಹಂಡೆಯನ್ನು ಎಂದೂ ಕ್ಷಮಿಸದಿದ್ದ ಮಮ್ಮಿ. "ಬೀರಾ," ಎಂದಳು. ಎರಡನೇ ಸಲ ಹೇಳುವಾಗ ಕುಡಿಯುವ ಸನ್ನೆಯನ್ನೂ ಮಾಡಿದಳು. "ನನ್ನ ಗಂಡ... ಬೀರಾ!"

ಅಧಿಕಾರಿ ನಗಲಿಲ್ಲ. ಕುದಿಸಿ ತೋರಿಸು ಎಂದ. ಅವನೂ ಸೈನಿಕರೂ ಉಳಿದ ನಮ್ಮೆಲ್ಲರನ್ನು ಎಳೆದುಕೊಂಡು ಮೆಟ್ಟಿಲಿಗೆ ಹೋದರು. ಬಾಗಿಲು ತೆರೆದೇ ಇತ್ತು. ಒಳಗೆ ಹಂಡೆಯ ಜೊತೆ ಪಪ್ಪ ಒಬ್ಬರೇ. ಬಚ್ಚಲಿನಿಂದ ಬಕೆಟಿನಲ್ಲಿ ನೀರು ತಂದು ಸುರಿದರು. ಪ್ಲಗ್ಗು ಸಿಕ್ಕಿಸಿದರು. ಗಡಿಯಾರಕ್ಕೂ ಕೀಲಿ ಕೊಡುವಂತೆ ಅಧಿಕಾರಿ ಸನ್ನೆ ಮಾಡಿದ. ಪಪ್ಪ ಕೀಲಿ ತಿರುಗಿಸಿದರು. ಟಿಕ್‌ಟಿಕ್ ಎನ್ನತೊಡಗಿತು.

ಆಗ ಮಮ್ಮಿ ನಮ್ಮನ್ನು ಸದಾನಂದ ಅಂಕಲರ ಕೈಗೆ ಕೊಟ್ಟು ಒಳಗೆ ನಡೆದಳು. ಸೈನಿಕ ಕೈ ಅಡ್ಡ ಹಿಡಿದ. ಅವಳು ಅದನ್ನು ಬಟ್ಟೆ ಒಣಗಿಸುವ ಹಗ್ಗದಂತೆ ಸರಿಸಿ, ಹೋಗಿ ಪಪ್ಪನ ಪಕ್ಕ ನಿಂತಳು.

ಕಾದೆವು. ನೀಲಿ ನಲ್ಲಿಯ ನೀರು ಮೊದಲೇ ಕಾದಿತ್ತು. ನಮ್ಮನ್ನು ಉಳಿಸಿದ್ದು ಕುವೈತಿನ ಬಿಸಿಲೇ ಎಂದು ಈಗ ಅನಿಸುತ್ತದೆ. ಆದರೂ ನೀರು ಕುದಿಯಲು ಅಷ್ಟು ಹೊತ್ತು ಹಿಡಿದದ್ದನ್ನು ನಾನು ಮತ್ತೆಂದೂ ಕಂಡಿಲ್ಲ. ಅಂಕಲರ ಅಂಗೈ ಬೆವರಿಗೆ ನನ್ನ ಕೈ ಜಾರುತ್ತಿತ್ತು. ಬಡಾಯಿಯ ಸದಾನಂದ ಅಂಕಲ್, "ರಬ್ಬರು ಸರಿ ಕೂರಿಸಿದ್ದೇನಲ್ಲ, ಕೂರಿಸಿದ್ದೇನಲ್ಲ," ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಿದ್ದರು.

ಇದ್ದಕ್ಕಿದ್ದಂತೆ ಅಲಾರಾಂ ಹೊಡೆಯಿತು.

ಜುಲೈಯಲ್ಲಿ ತಿರುಗಿಸಿಟ್ಟಿದ್ದ ಮುಳ್ಳನ್ನು ಯಾರೂ ಬದಲಿಸಿರಲಿಲ್ಲ. ಸೈನಿಕರು ಮೆಟ್ಟಿಲ ಮೇಲೆ ದಬಕ್ಕನೆ ಬಿದ್ದರು, ಅಧಿಕಾರಿಯೂ ಬಿದ್ದ. ನಾನು ನೋಡುತ್ತಿದ್ದದ್ದು ಬಾಗಿಲೊಳಗೆ. ಪಪ್ಪ ಮಮ್ಮಿಯನ್ನು ತಬ್ಬಿ, ಹಂಡೆಗೆ ತಮ್ಮ ಬೆನ್ನು ಕೊಟ್ಟು ನಿಂತಿದ್ದರು. ಅದು ಬಾಂಬಲ್ಲ ಎಂದು ಸ್ವತಃ ಕೈಯಾರೆ ಮಾಡಿದ ಮನುಷ್ಯನಿಗೂ ಆ ಕ್ಷಣ ಗೊತ್ತಿರಲಿಲ್ಲ.

ಗಂಟೆ ಬಡಿದು ಬಡಿದು ನಿಂತಿತು. ಆ ಮೌನದಲ್ಲಿ ಗುಳುಗುಳು ಸದ್ದು. ಹಂಡೆ ಕುದಿಯುತ್ತಿತ್ತು. ಹಳೆಯ ಕಿರಾತಕಡ್ಡಿಯ ವಾಸನೆ ಮೆಟ್ಟಿಲವರೆಗೆ ಬಂತು.

ಅಧಿಕಾರಿ ಎದ್ದು ಬಂದು ಇಣುಕಿದ, ಬೆರಳು ಅದ್ದಿ ಸುಟ್ಟುಕೊಂಡ, ನೆಕ್ಕಿ ಮುಖ ಸಿಂಡರಿಸಿದ. ಆಮೇಲೆ ಹೋದ. ಅಷ್ಟೇ. ಅವನು ಹೋಗುವಾಗ ನಕ್ಕನೆಂದು ನನ್ನ ನೆನಪು. ನಗಲಿಲ್ಲ, ಪಪ್ಪನ ಕೆನ್ನೆಗೆ ಹೊಡೆದ ಎನ್ನುತ್ತಾಳೆ ಐರಿನ್. ಅಲಾರಾಂ ಹೊಡೆದೇ ಇಲ್ಲ ಎನ್ನುತ್ತಾಳೆ ಮಮ್ಮಿ. ಇಷ್ಟು ದೊಡ್ಡ ಸದ್ದು ಒಬ್ಬರ ಕಿವಿಗೆ ಬಿದ್ದು ಇನ್ನೊಬ್ಬರ ಕಿವಿಗೆ ಬೀಳದಿರುವುದು ಹೇಗೆ? ನಾನು ಎಷ್ಟೋ ಸಲ ಎಲ್ಲವನ್ನೂ ಅಳಿಸಿ ಮೊದಲಿನಿಂದ ಜೋಡಿಸಲು ನೋಡಿದ್ದೇನೆ.

ಕೆಲವೇ ದಿನಗಳಲ್ಲಿ ನಾವು ಮರುಭೂಮಿ ದಾಟಿ ಊರಿಗೆ ಬಂದೆವು. ಸದಾನಂದ ಅಂಕಲ್ ಬೇರೆ ಬಸ್ಸು ಹತ್ತಿದರು, ಮತ್ತೆ ಸಿಗಲಿಲ್ಲ. ನನ್ನ ಪರಮಪ್ರಸಾದದ ಟೋಸ್ಟನ್ನು ಮಂಗಳೂರಿನಲ್ಲಿ ಕಿತ್ತಳೆ ಜ್ಯೂಸಿನಲ್ಲೇ ಹೇಳಿದರು. ಅಲ್ಲಿ ಬೇಕಾದಷ್ಟು ಬೀರು ಸಿಗುತ್ತಿತ್ತು. ಬೇಡ ಎಂದದ್ದು ಪಪ್ಪ.

ಪಪ್ಪ ಆಮೇಲೆ ಯಾವುದನ್ನೂ ಬಿಚ್ಚಲಿಲ್ಲ. ಬಲ್ಬು ಹೋದರೂ ಎಲೆಕ್ಟ್ರಿಷಿಯನನ್ನು ಕರೆಸಿದರು. ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡು, ತಪ್ಪು ಪದಗಳಲ್ಲಿ ಹಾಡು ಗುನುಗುತ್ತಾ, ಮನೆಯ ಒಂದೊಂದೇ ವಸ್ತುವನ್ನು ಕೆಡಿಸುತ್ತಿದ್ದ ಆ ಮನುಷ್ಯ ಫರ್ವಾನಿಯಾದಿಂದ ನಮ್ಮ ಜೊತೆ ಬರಲೇ ಇಲ್ಲ. ನಾವು ತಂದದ್ದು ಇನ್ನೊಬ್ಬರನ್ನು.

ಈಗ ಪಪ್ಪ, ಮಮ್ಮಿ ಇಬ್ಬರೂ ಐರಿನಳ ಮನೆಯಲ್ಲಿದ್ದಾರೆ. ಕಳೆದ ಸಲ ಹೋದಾಗ ಚಹಾಕ್ಕೆಂದು ನಾನು ಎಲೆಕ್ಟ್ರಿಕ್ ಕೆಟಲಿನ ಗುಂಡಿ ಒತ್ತಿದೆ. ಪೇಪರು ಓದುತ್ತಿದ್ದ ಪಪ್ಪ ಎದ್ದು ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಮಮ್ಮಿ ಹೆಚ್ಚುತ್ತಿದ್ದ ಈರುಳ್ಳಿ ಬಿಟ್ಟು, ಕೈ ಒರೆಸಿಕೊಂಡು, ಹೋಗಿ ಅವರ ಪಕ್ಕ ನಿಂತಳು. ಕೆಟಲು ಟಕ್ಕೆಂದು ಆರಿದ ಮೇಲೆ ಇಬ್ಬರೂ ಒಳಗೆ ಬಂದರು.