ಮೊದಲ ತುತ್ತು ಯಾರದು

ನನ್ನ ದಿನಸಿ ಅಂಗಡಿಯ ಎದುರಿಗೇ ಕ್ಯಾಂಟೀನಕ್ಕನ ಊಟದ ಮನೆ. ನಾಲ್ಕು ಮೇಜು, ಎರಡು ಒಲೆ, ತಿರುಗುವುದಕ್ಕಿಂತ ಹೆಚ್ಚು ಗೊಣಗುವ ಒಂದು ಫ್ಯಾನು. ಅಕ್ಕಿ, ಬೇಳೆ, ಎಣ್ಣೆ ಎಲ್ಲವನ್ನೂ ನನ್ನಲ್ಲೇ ಕೊಳ್ಳುತ್ತಾಳೆ, ಆದರೂ ನಂಬುವುದಿಲ್ಲ. ಚೀಲದ ಬಾಯಿ ಬಿಚ್ಚಿ ಒಂದು ಕಾಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಾಳೆ.

"ಏನಕ್ಕಾ, ಬೇಳೆ ನೋಡೋಕೆ ಬಂದ್ರಾ, ಗಂಡು ನೋಡೋಕೆ ಬಂದ್ರಾ?" ಎಂದರೆ, "ಬೇಳೆ ಮೇಲೆ ಅನುಮಾನ ಇಲ್ಲಣ್ಣ, ಮಾರೋರ ಮೇಲಿದೆ" ಎನ್ನುತ್ತಾಳೆ.

ಅಡುಗೆಯಾದ ಮೇಲೂ ಇದೇ ಕಥೆ. ಪ್ರತಿ ಪಾತ್ರೆಯಿಂದ ಒಂದು ತುತ್ತು ತಾನು ತಿಂದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಲೆಯ ಪಕ್ಕ ನಿಲ್ಲುವಳು. ಗಿರಾಕಿಗಳು ಖಾಲಿ ತಟ್ಟೆ ಮುಂದಿಟ್ಟುಕೊಂಡು ಕಾಯಬೇಕು. "ಅಕ್ಕ ಬದುಕಿದ್ರೆ ನಮಗೆ ಊಟ" ಎಂದು ಲಾರಿಯವರು ರೇಗಿಸುತ್ತಾರೆ. ಇದು ಗಿರಾಕಿಯ ನಂಬಿಕೆ ಗಳಿಸುವ ಜಾಣತನವೆಂದು ನಾನು ಎಣಿಸಿದ್ದೆ. ಕಾಸಿನ ಖರ್ಚಿಲ್ಲದ ಜಾಹೀರಾತು ಎಂದು ಮನಸ್ಸಿನಲ್ಲೇ ಮೆಚ್ಚಿಯೂ ಇದ್ದೆ.

ಅವಳಿಗೊಬ್ಬ ಮಗಳು. ಗಾತ್ರ ಸಣ್ಣದು, ಮಾತು ಖಾರ. ಬೀದಿಯವರೆಲ್ಲ ಮೆಣಸು ಎಂದೇ ಕರೆಯುವುದು. ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳಿಗೆ ಡಬ್ಬಿಯಿಂದ ಬಿಸ್ಕತ್ತು ತೆಗೆದುಕೊಟ್ಟೆ.

"ಮೊದಲು ನೀವು ತಿನ್ನಿ ಮಾಮ" ಎಂದಳು.

ಅರ್ಧ ತಿಂದೆ. ಅವಳು ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡಿದಳು.

"ಬದುಕಿದ್ದೀನಲ್ಲ. ಈಗ ತಗೋ."

"ತಡೀರಿ. ಇನ್ನೂ ಸ್ವಲ್ಪ ಹೊತ್ತಾಗ್ಲಿ."

ನಾನು ನಕ್ಕೆ. ಹಿಂದೆ ಏನೋ ದಬ್ಬೆಂದಿತು. ಎಣ್ಣೆಗೆಂದು ಬಂದ ಕ್ಯಾಂಟೀನಕ್ಕನ ಕೈಯಿಂದ ಡಬ್ಬ ಜಾರಿತ್ತು.

"ಇದನ್ನ ಯಾರು ಹೇಳ್ಕೊಟ್ರು ನಿಂಗೆ?"

"ನೀನು ಮಾಡ್ತೀಯಲ್ಲಮ್ಮ."

ಮಗಳನ್ನು ಮನೆಗೆ ಕಳಿಸಿ ಅವಳು ಅಕ್ಕಿ ಚೀಲದ ಮೇಲೆ ಕುಸಿದು ಕೂತಳು. ಅಂದು ನನಗೆ ಗೊತ್ತಾದದ್ದಿಷ್ಟು. ಅವಳು ಮೆಣಸಿನ ವಯಸ್ಸಿನಲ್ಲಿದ್ದಾಗ ಅವಳ ಅಮ್ಮನಿಗೆ ಮನಸ್ಸಿನ ಕಾಯಿಲೆ ಹಿಡಿಯಿತು. ಅಡುಗೆಮನೆಯ ಕಿಟಕಿಯಿಂದ ಯಾರೋ ಪಾತ್ರೆಗೆ ವಿಷ ಹಾಕುತ್ತಾರೆಂಬ ಭ್ರಮೆ. ಕಿಟಕಿಗೆ ಹಲಗೆ ಹೊಡೆದರೂ ಅದು ಹೋಗಲಿಲ್ಲ. ಅಪ್ಪ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ಪ್ರತಿ ಊಟಕ್ಕೂ ಅಮ್ಮ ಮಗಳನ್ನು ಎದುರಿಗೆ ಕೂರಿಸಿ, ಮೊದಲು ಅವಳಿಗೇ ಬಡಿಸಿ "ತಿನ್ನು" ಎನ್ನುತ್ತಿದ್ದಳು. ಅವಳು ತಿಂದು ಮುಗಿಸುವವರೆಗೆ ತಾನು ಮುಟ್ಟದೆ ಅವಳ ಮುಖವನ್ನೇ ನೋಡುತ್ತಿದ್ದಳು. ಹೊಟ್ಟೆ ಸ್ವಲ್ಪ ಗುಡುಗುಟ್ಟಿದರೂ ಮಗುವಿಗೆ 'ಬಂತು, ಇನ್ನು ಸತ್ತೆ' ಅನ್ನಿಸುತ್ತಿತ್ತು. ಅತ್ತರೆ ಅಮ್ಮ ಹತ್ತಿರ ಬಂದು ರೆಪ್ಪೆ ಎತ್ತಿ ಕಣ್ಣು ನೋಡುತ್ತಿದ್ದಳು.

"ಪಾಷಾಣ ಇಟ್ಟು ಇಲಿಗೆ ಕಾಯ್ತಾರಲ್ಲ, ಹಾಗೆ ಅಣ್ಣ. ನಾನೇ ಇಲಿ."

ಆ ಅಮ್ಮ ಈಗ ಔಷಧಿಯಲ್ಲಿ ಸುಧಾರಿಸಿ ಪಕ್ಕದೂರಿನಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಾಳೆ. ಮೊಮ್ಮಗಳನ್ನು ತೋರಿಸು ಎಂದು ಹೇಳಿ ಕಳಿಸುತ್ತಲೇ ಇದ್ದಾಳೆ. ಇವಳು ಹೋಗಿಲ್ಲ.

"ಅಮ್ಮನಿಗೆ ಶುರುವಾಗಿದ್ದೂ ನನ್ನ ಈಗಿನ ವಯಸ್ಸಲ್ಲೇ. ಇದು ಬರೀ ಹೆದರಿಕೆನೋ, ಆ ಕಾಯಿಲೆನೇ ನಂಗೂ ಬಂದು ಮಗಳಿಗೂ ಹತ್ತುತ್ತಿದೆಯೋ? ಅಮ್ಮನ ಎದುರು ಕೂತು ಅವಳ ಕೈ ಅಡುಗೆ ಉಣ್ಣೋಕಾದ್ರೆ ಹೆದರಿಕೆ ಅಂತ ತಿಳ್ಕೋತೀನಿ."

"ಅದನ್ನ ಡಾಕ್ಟ್ರು ಹೇಳ್ಬೇಕಕ್ಕ, ಊಟ ಹೇಳಲ್ಲ."

"ಡಾಕ್ಟ್ರ ಹತ್ರ ಹೋಗೋಕೂ ಧೈರ್ಯ ಬೇಕಲ್ಲಣ್ಣ. ಮೊದಲು ಇದಾಗ್ಲಿ. ನಿಮ್ಮ ವ್ಯಾನಲ್ಲಿ ಕರ್ಕೊಂಡು ಹೋಗಿ. ಒಬ್ಬಳೇ ಹೋದ್ರೆ ಅರ್ಧ ದಾರೀಲಿ ವಾಪಸ್ ಬಂದ್ಬಿಡ್ತೀನಿ."

ರಜೆಯ ದಿನ ಮೆಣಸನ್ನೂ ಕರೆದುಕೊಂಡು ಹೊರಟೆವು. ಅಜ್ಜಿಯ ತಂಗಿ ಕೆಲಸಕ್ಕೆ ಹೋಗಿದ್ದಳು. ಅಜ್ಜಿ ಒಬ್ಬಳೇ ಅನ್ನ, ಬೇಳೆ ಬೇಯಿಸಿ ಕಾಯುತ್ತಿದ್ದಳು. ಸಣಕಲು ಮುದುಕಿ, ಮೆಲ್ಲನೆಯ ಮಾತು. ಇವಳಿಗೆ ಹೆದರುವವರೂ ಉಂಟೇ ಅನ್ನಿಸಿತು. ಅವಳು ಸೌಟು ಹಿಡಿದಾಗ ಕ್ಯಾಂಟೀನಕ್ಕ ಗೋಡೆಗೆ ಒತ್ತಿಕೊಂಡಳು, ಆಗ ಅರ್ಥವಾಯಿತು.

ಮೊಮ್ಮಗಳ ತಟ್ಟೆಗೆ ಮೊದಲು ಬಡಿಸಿದಳು ಅಜ್ಜಿ. ಮೆಣಸು ಎರಡೂ ಕೈ ಬೆನ್ನ ಹಿಂದಿಟ್ಟುಕೊಂಡಳು.

"ಮೊದಲು ನೀವು ತಿನ್ನಿ ಅಜ್ಜಿ."

ಸೌಟು ಗಾಳಿಯಲ್ಲೇ ನಿಂತಿತು.

"ನೀನು ಹೇಳ್ಕೊಟ್ಯಾ?" ಅಜ್ಜಿ ಮಗಳನ್ನು ಕೇಳಿದಳು.

"ನಾನಲ್ಲಮ್ಮ. ನೀನು." ಎಂದಳು ಕ್ಯಾಂಟೀನಕ್ಕ. "ಯಾಕಮ್ಮ ನನ್ನನ್ನ ಮುಂದೆ ಮಾಡ್ತಿದ್ದೆ? ನಾನು ಸತ್ರೆ ಸಾಯ್ಲಿ ಅಂತಾನಾ?"

ಮುದುಕಿ ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿದಳು.

"ವಿಷ ತಳಕ್ಕಿಳಿಯುತ್ತೆ ಅಂತ ತಲೇಲಿತ್ತು. ಅದು ಮೇಲೆ ಬರೋ ಮೊದಲು ಮೇಲಿನ ಸೌಟು ನಿಂಗೆ ಹಾಕ್ಬಿಡ್ಬೇಕು ಅಂತ. ತಳದ್ದು ನಂದು."

"ಮತ್ಯಾಕೆ ನನ್ನನ್ನೇ ನೋಡ್ತಾ ಕೂತಿರ್ತಿದ್ದೆ?"

"ತಡ ಮಾಡಿ ಹಾಕಿದ್ನೇನೋ ಅಂತ. ನಂಗೇನು ಭಯ ಇರ್ಲಿಲ್ವಾ?"

ನಾನು ಸರಕು ತೂಗುವವನು. ಇಷ್ಟು ವರ್ಷ ಮೂಲೆಯಲ್ಲಿದ್ದ ಮಾತಿಗೆ ಕಲಬೆರಕೆ ಸೇರಿರಬಹುದು ಎಂದುಕೊಂಡೆ. ಆದರೆ ಕ್ಯಾಂಟೀನಕ್ಕ ಗೋಡೆ ಬಿಟ್ಟು ಮುಂದೆ ಬಂದಳು.

"ಸೀದದ್ದು" ಎಂದಳು, ಯಾರಿಗೂ ಅಲ್ಲದಂತೆ. "ಅಮ್ಮನ ತಟ್ಟೇಲಿ ಯಾವಾಗ್ಲೂ ತಳ ಹಿಡಿದು ಸೀದದ್ದೇ ಇರ್ತಿತ್ತು." ಆಮೇಲೆ ಅಮ್ಮನ ಕಡೆ ತಿರುಗಿ, "ಆದ್ರೂ ಹೆದರಿಕೆ ಹೋಗಲ್ಲಮ್ಮ. ಈಗ್ಲೂ ಕೈಕಾಲು ತಣ್ಣಗಾಗಿದೆ."

"ಹೋಗಲ್ಲ. ಮಾತ್ರೆ ನುಂಗಿದ ಮೇಲೂ ನಂಗೆ ಒಂದೊಂದು ದಿನ ಬರುತ್ತೆ. ಬಂದಾಗ ತಂಗಿಗೆ ಹೇಳ್ತೀನಿ. ಆಗ ಹೇಳೋಕೆ ಯಾರಿದ್ರು?"

ಕ್ಯಾಂಟೀನಕ್ಕ ಸೌಟು ತೆಗೆದುಕೊಂಡು ತಳವೂ ಮೇಲೂ ಒಂದಾಗುವಂತೆ ಕಲಕಿ, ಎಲ್ಲ ತಟ್ಟೆಗೂ ಬಡಿಸಿದಳು.

"ಮೊದಲು ಯಾರೂ ಇಲ್ಲ. ಎಲ್ಲರೂ ಒಟ್ಟಿಗೆ."

"ಏನಾದ್ರೂ ಆದ್ರೆ?" ಎಂದಳು ಮೆಣಸು.

"ಆದ್ರೆ ಎಲ್ಲರಿಗೂ ಆಗುತ್ತೆ."

"ಇದರಲ್ಲಿ ನನ್ನನ್ನೂ ಸೇರಿಸಿದ್ದೀರಾ?" ಎಂದೆ. ಅಜ್ಜಿ ಮಾತ್ರ ನಕ್ಕಳು.

ಕ್ಯಾಂಟೀನಕ್ಕನ ಬೆರಳುಗಳಿಂದ ಅನ್ನ ಉದುರುತ್ತಿತ್ತು. ಎರಡನೆಯ ಸಲ ಕಲಸಿ ಎತ್ತಿದಳು. ಮೆಣಸು ತುತ್ತು ಬಾಯಿಗಿಟ್ಟು ನುಂಗಿದಳು. ಕ್ಯಾಂಟೀನಕ್ಕ ಮಗಳ ಮುಖದ ಕಡೆ ಹೊರಳುತ್ತಿದ್ದ ಕಣ್ಣನ್ನು ಎಳೆದು ತಂದು, ತನ್ನ ತಟ್ಟೆಯನ್ನೇ ನೋಡುತ್ತಾ, ಕಷ್ಟಪಟ್ಟು ಅಗಿಯುತ್ತಿದ್ದಳು.