ಅಕ್ಕನ ಬದಲು ನಾನು ಹೇಳಿದ ಉತ್ತರ

ಡಾಕ್ಟರು ಕೇಳಿದ್ದು ಅಕ್ಕನನ್ನು, ಉತ್ತರ ಹೇಳಿದ್ದು ನಾನು. ಅಕ್ಕನ ಬಾಯಿಂದ 'ಗೊತ್ತಿಲ್ಲ' ಅನ್ನುವ ಮಾತು ಬರಬೇಕಾಗಿತ್ತು. ನಾನು ಬರಗೊಡಲಿಲ್ಲ. ಅವತ್ತು ಸುಮ್ಮನೆ ಕೂತಿರುವುದೊಂದು ನನ್ನಿಂದ ಆಗಲಿಲ್ಲ.

ಅಕ್ಕ ಮಾದೇವಮ್ಮ ಗುಂಡ್ಲುಪೇಟೆ ಹತ್ತಿರದ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ದಪ್ಪ ಮೈ, ತೆಳ್ಳನೆ ದನಿ. ಸೌಟು ಹಿಡಿದೇ ಮಾತಾಡಿ ಅಭ್ಯಾಸ. ಬಸ್ಸಿನಲ್ಲಿ ಬರಿಗೈಯಲ್ಲಿ ಕೂತಾಗಲೂ ಬಲಗೈ ಗಾಳಿಯಲ್ಲೇ ಸಾರು ತಿರುವುತ್ತಿತ್ತು. ಸಾಲಿನಲ್ಲಿ ಕೂತ ಮಕ್ಕಳಿಗೆಲ್ಲ ಒಂದೊಂದು ಅಡ್ಡಹೆಸರು. "ಲೇ ಬದ್ನೆಕಾಯಿ, ತರ್ಕಾರಿ ಎತ್ತೆತ್ತಿ ಮಡಗ್ತಿದ್ದೀಯಲ್ಲ, ನಿಮ್ಮಪ್ಪನ್ ಮದ್ವೆಗೇನ್ಲಾ?" ಅನ್ನುವಳು. ಹುಡುಗ ನಗುತ್ತಾ ತರಕಾರಿ ತಿಂದು ಮುಗಿಸುತ್ತಿದ್ದ. ಅಕ್ಕನ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ನಾನೂ ಒಂಟಿ. ಒಂದೇ ಮನೆಯಲ್ಲಿ ಇದ್ದೆವು.

ನಾನು ಉಡಿಗಾಲದ ಒಂದೇ ಕೋಣೆಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಅಷ್ಟು ಓದಿದ್ದೂ ಅಕ್ಕನ ದಯೆ. ಮೇಷ್ಟ್ರು ಮಗ್ಗಿ ಕೇಳಿದರೆ ಹಿಂದಿನ ಸಾಲಿನಿಂದ ಪಿಸುಗುಟ್ಟುತ್ತಿದ್ದಳು.

ಮೊದಲು ಸಾಂಬಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಅಕ್ಕನೇ ನಕ್ಕಳು. "ನನ್ನೊಳ್ಗೆ ಇಬ್ರು ಮಾದೇವಮ್ಮಾರವ್ರೆ ಕಣಮ್ಮಿ. ಒಬ್ಳು ಆಕಿದ್ದ ಇನ್ನೊಬ್ಳಿಗೆ ಯೋಳಲ್ಲ." ಆಮೇಲೆ ಒಂದು ಸಂಜೆ ಮನೆಗೆ ಬರಬೇಕಾದವಳು ಮದ್ದೂರಿನ ಬಸ್ಸು ಹತ್ತಿದ್ದಳು. ಕಂಡಕ್ಟರು ಇಳಿಸಿ, ವಾಪಸ್ ಬಸ್ಸಿಗೆ ಹತ್ತಿಸಿ ಕಳಿಸಿದ. ನಾನು ದಿನಾ ಒಂದೆಲಗದ ಚಟ್ನಿ ಅರೆದೆ, ನೆತ್ತಿಗೆ ಎಣ್ಣೆ ತಟ್ಟಿದೆ, ಮಾದಪ್ಪನಿಗೆ ಹರಕೆ ಹೊತ್ತೆ. "ಇನ್ನೆಷ್ಟು ಸೊಪ್ಪು ತಿನ್ನುಸ್ತೀಯೆ? ಮೇಕೆ ಆಗೋಯ್ತೀನಿ ಅಷ್ಟೆ" ಅಂದಳು ಅಕ್ಕ. ಕೊನೆಗೆ ಶಾಲೆಯ ದೊಡ್ಡ ಮೇಡಂ ನನ್ನನ್ನು ಕರೆಸಿ, "ಒಂದ್ಸಲ ಡಾಕ್ಟರಿಗೆ ತೋರಿಸಿ. ಏನಿಲ್ಲ ಅಂದರೆ ಅಡುಗೆಗೆ ಬರಲಿ" ಅಂದರು.

ಚಾಮರಾಜನಗರದ ಬಸ್ಸಿನಲ್ಲಿ ಅಕ್ಕ ನನ್ನ ಕೈ ಬಿಡಲೇ ಇಲ್ಲ. "ಅಮ್ಮೀ, ಒಲೆ ಮುಂದ್ಲಿಂದ ನನ್ನ ಎಬ್ಬುಸ್ಬುಟ್ರೆ ನಾನೆಲ್ಗೆ ಓಗ್ಲೆ? ನೀನೇ ಏನಾರ ಮಾಡು ಕಣೆ."

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಬಾಳೆಹಣ್ಣು, ಕುರ್ಚಿ, ಛತ್ರಿ. ಆಮೇಲೆ ಕೇಳ್ತೀನಿ ಅಜ್ಜಿ, ನೆನಪಿಟ್ಕೊಳ್ಳಿ" ಅಂದರು. ಬೇರೆ ಏನೇನೋ ಕೇಳಿ, ತಿರುಗಿ ಆ ಮೂರನ್ನು ಕೇಳಿದಾಗ ಅಕ್ಕ ಗೋಡೆ ನೋಡಿದಳು. ಡಾಕ್ಟರು ಬರೆಯಲು ಬಗ್ಗಿದರು. ನಾನು ಸೆರಗು ಬಾಯಿಗಿಟ್ಟುಕೊಂಡು ಮೂರನ್ನೂ ಪಿಸುಗುಟ್ಟಿದೆ. ಅಕ್ಕ ಗಟ್ಟಿಯಾಗಿ ಒಪ್ಪಿಸಿದಳು. ಇವತ್ತು ಯಾವ ವಾರ ಅನ್ನುವುದಕ್ಕೂ ಹಾಗೇ ಆಯಿತು. "ದಾರಿ ತಪ್ಪಿದ್ದು, ಅಡುಗೆಯಲ್ಲಿ ಮರೆತದ್ದು ಏನಾದರೂ ಇದೆಯಾ?" ಅಂತ ನನ್ನನ್ನು ಕೇಳಿದರು.

"ಏನೂ ಇಲ್ಲ ಮೇಡಂ. ನನಗಿಂತ ಚುರ್ಕು."

ಹೊರಗೆ ಬಂದು ಅಕ್ಕ ಕಣ್ಣು ಮಿಟುಕಿಸಿದಳು. "ಪಾಸಾದ್ನ?" ಇಬ್ಬರೂ ನಕ್ಕೆವು. ಕ್ಯಾಂಟೀನಿನಲ್ಲಿ ವಡೆ ತಿಂದೆವು.

ಮುಂದಿನ ಮಳೆಗಾಲದಲ್ಲಿ ಅಕ್ಕ ಕುದಿಯುವ ಸಾರಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಎತ್ತಿದಳು. ಸಾರೆಲ್ಲ ಕಾಲಿನ ಮೇಲೆ ಸುರಿಯಿತು. ಮಕ್ಕಳು ಇನ್ನೂ ಕ್ಲಾಸಿನಲ್ಲಿದ್ದರು, ಅದೊಂದು ಪುಣ್ಯ. ಗಾಯ ಮಾಗಿದ ಮೇಲೆ ಅದೇ ಡಾಕ್ಟರ ಹತ್ತಿರ ಹೋಗಿ, ಅಕ್ಕನನ್ನು ಹೊರಗೆ ಕೂರಿಸಿ, ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಈ ಮರೆವಿನ ಕಾಯಿಲೆ ವಾಸಿ ಮಾಡೋ ಔಷಧಿ ಇನ್ನೂ ಸಿಕ್ಕಿಲ್ಲ ಅಮ್ಮ, ಹುಡುಕ್ತಾ ಇದ್ದಾರೆ. ಆದ್ರೆ ಆಗಲೇ ನಿಜ ಹೇಳಿದ್ರೆ ಮಾತ್ರೆ ಶುರು ಮಾಡಿ ನೋಡಬಹುದಿತ್ತು. ಒಲೆ ಹತ್ರ ಅಂತೂ ಬಿಡ್ತಿರಲಿಲ್ಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಬಾಗಿಲಿಗೆ ಒಳಗಿನಿಂದ ಬೀಗ. ಕೀಲಿ ನನ್ನ ಸೊಂಟದಲ್ಲಿ. ಶಾಲೆಯ ಹೊತ್ತಾದರೆ ಅಕ್ಕ ಚಿಲುಕ ಎಳೆಯುತ್ತಾಳೆ. "ಮಕ್ಳು ಅಸ್ಕೊಂಡವೆ, ಬಾಗ್ಲು ತಗಿಯೇ ರಂಡೆ!" ಮದುವೆ ಇಲ್ಲ, ಸಂತೆ ಇಲ್ಲ, ಪಕ್ಕದ ಮನೆಗೆ ಹೋಗಿ ಕೂರುವಂತಿಲ್ಲ. ಬೀಗ ಹಾಕಿದವಳೂ ಒಳಗೇ ಇದ್ದೇನೆ. ನಾನು ಯಾರೆಂಬುದು ಅವಳಿಗೆ ಕೆಲವು ದಿನ ಗೊತ್ತಿರುತ್ತದೆ, ಕೆಲವು ದಿನ ಇಲ್ಲ.

ಮೊನ್ನೆ ಅಕ್ಕ ಚಿಲುಕ ಜಗ್ಗಿ ಜಗ್ಗಿ ಸೋತು ಹೊಸ್ತಿಲ ಬಳಿ ಕುಸಿದಳು. ನಾನೂ ಪಕ್ಕದಲ್ಲಿ ಕೂತೆ. ತಡೆಯಲಾರದೆ ಅತ್ತುಬಿಟ್ಟೆ. ಅಕ್ಕ ನನ್ನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. ನನ್ನನ್ನು ಶಾಲೆಯ ಯಾವುದೋ ಹುಡುಗಿ ಅಂದುಕೊಂಡಿದ್ದಳು.

"ಯಾಕವ್ವ ಅಳ್ತಿದ್ದೀಯೆ? ಯಾರು ಬೋದ್ರು? ಯೋಳು, ನಾನು ಓಗಿ ಕೇಳ್ತೀನಿ."

"ಯಾರೂ ಬೋದಿಲ್ಲ ಕಣಕ್ಕ. ಡಾಕ್ಟ್ರತ್ರ ಸುಳ್ಳು ಯೋಳ್ಬುಟ್ಟೆ. ನಿನ್ನ ಒಲೆ ಉಳಿಸ್ತೀನಿ ಅಂತ ನಿನ್ನೇ ಸುಟ್ಬುಟ್ಟೆ. ತೆಪ್ಪಾಯ್ತು ಕಣಕ್ಕ, ತೆಪ್ಪಾಯ್ತು."